‘ಏನೂ ಇಲ್ಲ’ ಎನ್ನುವವರ ವಾರ್ಡಿನಲ್ಲಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆರಿಗೆ ಆಸ್ಪತ್ರೆಯ ಎರಡನೇ ಮಹಡಿಯ ಕೊನೆಯ ವಾರ್ಡಿನಲ್ಲಿ ನರ್ಸ್ ಪಟ್ಟಿ ಅಕ್ಕ ಒಂದೊಂದೇ ದೀಪ ಹಾಕುತ್ತ ಬರುತ್ತಾರೆ. ಎಲ್ಲ ದೀಪ ಒಟ್ಟಿಗೆ ಹಾಕಿದರೆ ಮಲಗಿದವರು ಗಾಬರಿಬಿದ್ದು ಏಳುತ್ತಾರೆ. ಗಾಬರಿಯಾದವರ ಬೀಪಿ ಏರುತ್ತದೆ. ಆಮೇಲೆ ಅದು ಕಾಯಿಲೆಯಿಂದ ಏರಿದ್ದೋ ದೀಪದಿಂದ ಏರಿದ್ದೋ ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಮೊದಲು ಬಾಗಿಲ ಪಕ್ಕದ್ದು, ಸ್ವಲ್ಪ ಹೊತ್ತು ಬಿಟ್ಟು ನಡುವಿನದು, ಕೊನೆಗೆ ಕಿಟಕಿಯ ಕಡೆಯದು.

“ಏಳಮ್ಮ, ಬೆಳಗಾಯ್ತು. ನಿಧಾನಕ್ಕೆ ಏಳು, ಬಸ್ಸೇನೂ ತಪ್ಪಿ ಹೋಗಲ್ಲ. ಬಾತ್‌ರೂಮಿಗೆ ಹೋಗೋದಿದ್ರೆ ಹೋಗಿ ಬಾ. ಆಮೇಲೆ ಇಲ್ಲಿ ಬಂದು ಕೂತ್ಕೋ.”

‘ಇಲ್ಲಿ’ ಎಂದರೆ ಒಂದು ಮರದ ಕುರ್ಚಿ. ಬೆನ್ನಿಗೆ ಒರಗು ಇದೆ, ಪಕ್ಕದ ಮೇಜಿನ ಮೇಲೆ ಕೈಯಿಡಲು ಮಡಚಿದ ಬೆಡ್‌ಶೀಟ್ ಇದೆ. ಈ ವಾರ್ಡಿನ ಪ್ರತಿಯೊಬ್ಬ ಗರ್ಭಿಣಿಯೂ ದಿನಕ್ಕೆ ಹಲವು ಸಲ ಇದರಲ್ಲಿ ಕೂರಲೇಬೇಕು. ಎರಡೂ ಪಾದ ನೆಲಕ್ಕೆ ತಾಗಿರಬೇಕು, ಕಾಲ ಮೇಲೆ ಕಾಲು ಹಾಕುವಂತಿಲ್ಲ, ಬೆನ್ನು ಒರಗಿರಬೇಕು, ಬಾಯಿ ಮುಚ್ಚಿರಬೇಕು. ಕೊನೆಯ ನಿಯಮ ಬಸ್ ಕಂಡಕ್ಟರ್ ಕೆಲಸದಿಂದ ರಜೆ ಹಾಕಿ ಬಂದು ಸೇರಿರುವ ಹೆಂಗಸಿಗೆ ಬಲು ಕಷ್ಟ. ವಾರ್ಡಿನವರೆಲ್ಲ ಆಕೆಯನ್ನು ಕಂಡಕ್ಟರಮ್ಮ ಎಂದೇ ಕರೆಯುತ್ತಾರೆ.

“ಅಕ್ಕಾ, ಸುಮ್ನೆ ಕೂತ್ರೇನೆ ನಂಗೆ ಬೀಪಿ ಏರೋದು. ಮಾತಾಡ್ತಾ ನೋಡಿ ಒಂದ್ಸಲ.”

“ಟಿಕೆಟ್ ಆಮೇಲೆ ಹರಿಯುವಂತೆ, ಈಗ ತೆಪ್ಪಗಿರು,” ಎನ್ನುತ್ತ ಪಟ್ಟಿ ಅಕ್ಕ ಆಕೆಯ ತೋಳಿಗೆ ಬೀಪಿ ನೋಡುವ ಪಟ್ಟಿ ಸುತ್ತುತ್ತಾರೆ. ಕುತ್ತಿಗೆಗೆ ಸ್ಟೆತಾಸ್ಕೋಪು, ಜೇಬಿನಲ್ಲಿ ಅಳತೆಗೊಂದರಂತೆ ಇನ್ನೂ ಎರಡು ಪಟ್ಟಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಅಂಕಿ ಸುಳ್ಳು ಹೇಳುತ್ತದಂತೆ. ಅವರನ್ನು ಹೆಸರು ಹಿಡಿದು ಕರೆಯುವವರು ಆಸ್ಪತ್ರೆಯಲ್ಲಿ ಯಾರೂ ಉಳಿದಿಲ್ಲ. ಡಾಕ್ಟರುಗಳಿಗೂ ಕಸ ಗುಡಿಸುವವರಿಗೂ ಅವರು ಪಟ್ಟಿ ಅಕ್ಕನೇ.

ಹೊರಗಿನವರ ಕಣ್ಣಿಗೆ ಇದು ಕಾಯಿಲೆಯವರ ವಾರ್ಡಿನಂತೆ ಕಾಣುವುದೇ ಇಲ್ಲ. ಹೆಂಗಸರು ಓಡಾಡಿಕೊಂಡಿರುತ್ತಾರೆ, ತಲೆ ಬಾಚಿಕೊಳ್ಳುತ್ತಾರೆ, ಫೋನಿನಲ್ಲಿ ಗಂಡಂದಿರನ್ನು ಗದರಿಸುತ್ತಾರೆ. ಇಲ್ಲಿಗೆ ಬಂದು ಸೇರಿದವರೆಲ್ಲ ಬಸುರಿನಲ್ಲಿ ಬೀಪಿ ಏರಿದವರು. ವೈದ್ಯರು ಪ್ರೀಎಕ್ಲಾಂಪ್ಸಿಯಾ ಎನ್ನುವ ಈ ತೊಂದರೆಯಲ್ಲಿ ಬೀಪಿಯ ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗಬಹುದು, ಮೂತ್ರಪಿಂಡ, ಯಕೃತ್ತು, ಮಿದುಳು ಯಾವುದಕ್ಕಾದರೂ ಪೆಟ್ಟು ಬೀಳಬಹುದು. ಎಷ್ಟೋ ಜನಕ್ಕೆ ಏನೂ ಆಗದೆ ಸುಖವಾಗಿ ಹೆರಿಗೆಯಾಗುತ್ತದೆ. ಕೆಲವರಿಗೆ ಮಾತ್ರ ನಗುನಗುತ್ತ ಇದ್ದಂತೆಯೇ ಫಿಟ್ಸ್ ಬರುತ್ತದೆ. ಯಾರು ಯಾವ ಗುಂಪಿನವರು ಎಂದು ಮೊದಲೇ ಕಂಡುಹಿಡಿಯುವುದೇ ಈ ವಾರ್ಡಿನ ಕೆಲಸ.

ಅದಕ್ಕೆ ವಾರ್ಡಿನ ಚಿಕ್ಕ ಡಾಕ್ಟರಮ್ಮನ ಕಂಪ್ಯೂಟರಿನಲ್ಲಿ ಒಂದು ಲೆಕ್ಕಾಚಾರವಿದೆ. ಬಸುರಿಗೆ ಎಷ್ಟು ವಾರ ತುಂಬಿದೆ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ, ರಕ್ತ ಪರೀಕ್ಷೆಗಳು ಏನು ಹೇಳುತ್ತವೆ, ಎದೆನೋವು ಅಥವಾ ಉಸಿರಾಟದ ಕಷ್ಟ ಇದೆಯೇ ಎಂಬುದನ್ನೆಲ್ಲ ತುಂಬಿದರೆ ಮುಂದಿನ ಎರಡು ದಿನಗಳಲ್ಲಿ ತಾಯಿಗೆ ದೊಡ್ಡ ಅಪಾಯ ಬರುವ ಸಾಧ್ಯತೆ ನೂರಕ್ಕೆ ಎಷ್ಟು ಎಂದು ಅದು ಅಂದಾಜು ಕೊಡುತ್ತದೆ. ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗಿನ ನೋವು ಇವುಗಳನ್ನು ಡಾಕ್ಟರು ಬೇರೆಯಾಗಿ ತೂಗಿ ನೋಡುತ್ತಾರೆ.

“ರಕ್ತ ಸುಳ್ಳು ಹೇಳಲ್ಲ,” ಎನ್ನುತ್ತಾರೆ ಡಾಕ್ಟರಮ್ಮ. “ಆದ್ರೆ ಪೇಷೆಂಟು ಉಸಿರು ಕಟ್ತಿಲ್ಲ, ತಲೆ ನೋಯ್ತಿಲ್ಲ ಅಂದ್ಬಿಟ್ರೆ ಕಂಪ್ಯೂಟರೂ ನಂಬುತ್ತೆ, ನಾನೂ ನಂಬ್ತೀನಿ. ನಾನು ಬಂದು ನಿಂತ ತಕ್ಷಣ ಎಲ್ರಿಗೂ ಎಲ್ಲ ವಾಸಿಯಾಗಿಬಿಡುತ್ತೆ. ನಿಜ ಹೊರಗೆ ಬರೋದು ಪಟ್ಟಿ ಅಕ್ಕನ ಹತ್ರಾನೇ.”

ಪಟ್ಟಿ ಅಕ್ಕ ಆಸ್ಪತ್ರೆಯ ಹಿತ್ತಲಿನಲ್ಲೇ ಬೆಳೆದವರು. ಅವರ ತಾಯಿ ಇಲ್ಲಿಯ ಬೆಡ್‌ಶೀಟುಗಳನ್ನು ಒಗೆಯುತ್ತಿದ್ದರು. ಹಗ್ಗದ ಮೇಲೆ ಸಾಲಾಗಿ ಒಣಗುತ್ತಿದ್ದ ಬೆಡ್‌ಶೀಟುಗಳ ನಡುವೆ ಕಣ್ಣಾಮುಚ್ಚಾಲೆ ಆಡಿದ ಹುಡುಗಿಗೆ ಆಸೆಯಿದ್ದದ್ದು ಮೇಷ್ಟ್ರಾಗಬೇಕೆಂದು. ನರ್ಸಿಂಗ್ ಶಾಲೆಯಲ್ಲಿ ಊಟ, ವಸತಿ ಎರಡೂ ಸಿಗುತ್ತಿದ್ದವು, ಅಲ್ಲಿಗೆ ಸೇರಿದರು. ಮೊದಲು ಕಣ್ಣಿನ ವಾರ್ಡಿನಲ್ಲಿದ್ದರು. ಇಲ್ಲಿಗೆ ಬಂದದ್ದು ಯಾರೋ ರಜೆ ಹಾಕಿದ್ದರೆಂದು, ಒಂದು ತಿಂಗಳ ಮಟ್ಟಿಗೆ. “ಆ ತಿಂಗಳು ಇನ್ನೂ ಮುಗಿದಿಲ್ಲ ನೋಡಿ,” ಎಂದು ನಗುತ್ತಾರೆ. ತಲೆಯ ಮುಂಭಾಗ ಪೂರ್ತಿ ನರೆತಿದೆ. ಕೆಲಸ ಇಂದಿಗೂ ಕಾಯಂ ಆಗಿಲ್ಲ. ವರ್ಷಕ್ಕೊಮ್ಮೆ ಮುಂದುವರಿಸುವ ಆದೇಶ ಬರುವ ತನಕ ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂರುತ್ತಾರೆ. ಮೆಟ್ಟಿಲು ಹತ್ತಿ ಇಳಿಯುವಾಗಲೆಲ್ಲ ಮಂಡಿನೋವು ಕಾಡುತ್ತದೆ.

ಗಂಡ ಸೈಕಲ್ ರಿಪೇರಿ ಅಂಗಡಿಯವರು. ಹೆಂಡತಿ ಮುಂಜಾನೆಯೇ ಹೊರಡುವುದರಿಂದ ಅಡುಗೆಯ ಮನೆ ಅವರ ಪಾಲಿಗೆ ಬಂದಿದೆ, ಡಬ್ಬಿ ಕಟ್ಟುವುದೂ ಅವರೇ. ಕಾಲೇಜು ಓದುವ ಮಗಳಿಗೆ ಅಮ್ಮನ ಮೇಲೆ ಒಂದು ದೂರಿದೆ. “ಮನೆಗೆ ಯಾರು ಬಂದ್ರೂ ಅಮ್ಮ ಮೊದ್ಲು ಕಾಲು ನೋಡ್ತಾಳೆ, ಊದ್ಕೊಂಡಿದ್ಯಾ ಅಂತ. ನನ್ನ ಗೆಳತೀರೆಲ್ಲ ಇವಳೇನು ಚಪ್ಪಲಿ ನೋಡ್ತಾಳಾ ಅಂತ ನಾಚ್ಕೋತಾರೆ!”

ವಾರ್ಡಿನ ಬಗ್ಗೆ ಬರೆಯಲೆಂದು ನಾನು ಇಲ್ಲಿಗೆ ಕಾಲಿಟ್ಟ ಮೊದಲ ದಿನ ಪಟ್ಟಿ ಅಕ್ಕ ನನ್ನನ್ನೂ ಕುರ್ಚಿಯಲ್ಲಿ ಕೂರಿಸಿ ಪಟ್ಟಿ ಸುತ್ತಿದ್ದರು. “ನಿಮ್ಮದೂ ಏನು ಕಮ್ಮಿಯಿಲ್ಲ. ಉಪ್ಪು ಬಿಡಿ, ಬೇರೆಯವರ ಕಥೆ ಬರೆಯೋದು ಆಮೇಲೆ,” ಎಂದರು. ಕಂಡಕ್ಟರಮ್ಮನಿಗೆ ದಿನವಿಡೀ ನಗಲು ಅಷ್ಟು ಸಾಕಾಯಿತು.

ಆ ಕುರ್ಚಿ ಯಾಕೆ ಬಂತು ಎಂದು ಕೇಳಿದಾಗ ಪಟ್ಟಿ ಅಕ್ಕನ ಮುಖದಲ್ಲಿ ನಗು ಇರುವುದಿಲ್ಲ. ಅದಕ್ಕೆ ಕಾರಣ ಅವರದೇ ಕರುಣೆ. ಬಸುರಿಯರಿಗೆ ಎಡಮಗ್ಗುಲಾಗಿ ಮಲಗಿ ಎಂದು ಎಲ್ಲರೂ ಹೇಳುತ್ತಾರೆ, ಅದು ಮಗುವಿಗೆ ಒಳ್ಳೆಯದು. ಬೆಳಗಿನ ಜಾವ ಹಾಗೆ ಮಲಗಿ ನಿದ್ದೆ ಹೋದವರನ್ನು ಎಬ್ಬಿಸಲು ಪಟ್ಟಿ ಅಕ್ಕನಿಗೆ ಮನಸ್ಸು ಬರುತ್ತಿರಲಿಲ್ಲ. ಮೇಲಿದ್ದ ಬಲಗೈಗೆ ಮೆಲ್ಲಗೆ ಪಟ್ಟಿ ಸುತ್ತಿ ನೋಡಿಬಿಡುತ್ತಿದ್ದರು. ಹಾಗೆ ಮಲಗಿದಾಗ ಆ ಕೈ ಎದೆಯ ಮಟ್ಟಕ್ಕಿಂತ ಮೇಲಿರುತ್ತದೆ, ಬೀಪಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಹೆಂಗಸರು ಬೇಗ ಕಂಡುಕೊಂಡರು. ಮುಂಜಾನೆ ಅಂಕಿ ಚೆನ್ನಾಗಿ ಬರುತ್ತದೆ, ಎಡಕ್ಕೆ ಹೊರಳಿದರೆ ಇಳಿಯುತ್ತದೆ, ಇಳಿದರೆ ಮನೆಗೆ ಕಳಿಸುತ್ತಾರೆ! ಹಳಬರು ಹೊಸಬರಿಗೆ ಹೇಳಿಕೊಟ್ಟರು. ಪಟ್ಟಿ ಅಕ್ಕ ಬರುವ ಸದ್ದು ಕೇಳಿದರೆ ಎಚ್ಚರವಿದ್ದವರೂ ಎಡಕ್ಕೆ ಹೊರಳಿ ಗೊರಕೆ ಹೊಡೆಯತೊಡಗಿದರು.

ಮುಂಜಾನೆಯ ಅಂಕಿಗಳೆಲ್ಲ ಇಷ್ಟು ಮುದ್ದಾಗಿ ಯಾಕಿವೆ ಎಂದು ಅನುಮಾನಪಟ್ಟವರು ಚಿಕ್ಕ ಡಾಕ್ಟರಮ್ಮ. ಒಂದು ದಿನ ಇಬ್ಬರೂ ಸೇರಿ ಅದೇ ಹೆಂಗಸರನ್ನು ಮಲಗಿಸಿಯೂ ಕೂರಿಸಿಯೂ ನೋಡಿದರು. “ನೆಲ ಕುಸಿದ ಹಾಗಾಯ್ತು,” ಎನ್ನುತ್ತಾರೆ ಪಟ್ಟಿ ಅಕ್ಕ. “ನಿದ್ದೆ ಕೆಡಿಸಬಾರದು ಅಂತ ನಾನೇ ಅಲ್ವಾ ಅವರಿಗೆ ಆ ದಾರಿ ತೋರಿಸಿದ್ದು. ಅದರಿಂದ ಯಾರಿಗೂ ಏನೂ ಆಗಿರ್ಲಿಲ್ಲ, ಪುಣ್ಯ. ಮಾರನೇ ದಿನಾನೇ ಆಫೀಸಿನಿಂದ ಕುರ್ಚಿ ಹೊತ್ಕೊಂಡು ಬಂದೆ. ಕೇಳಿದ್ರೆ ಕೊಡ್ತಿರ್ಲಿಲ್ಲ, ಅದಕ್ಕೆ ಕೇಳಲಿಲ್ಲ.”

ಕುರ್ಚಿ ಅಂಕಿಯನ್ನು ಸರಿಮಾಡಿತು. ಬಾಯಿಯನ್ನು ಸರಿಮಾಡುವ ಕುರ್ಚಿ ಮಾತ್ರ ಯಾವ ಆಫೀಸಿನಲ್ಲೂ ಇಲ್ಲ. ಹಲವು ವರ್ಷಗಳ ಹಿಂದೆ ಶಾಲೆಯ ಶಿಕ್ಷಕಿಯೊಬ್ಬರು ಇದೇ ವಾರ್ಡಿನಲ್ಲಿದ್ದರು. ತಲೆನೋವಿದೆಯಾ ಎಂದು ಕೇಳಿದ್ದಕ್ಕೆ ‘ಏನೂ ಇಲ್ಲ ಸಿಸ್ಟರ್’ ಎಂದು ನಕ್ಕಿದ್ದರು. ಮಧ್ಯಾಹ್ನ ಮನೆಗೆ ಹೋಗುವ ಖುಷಿಯಲ್ಲಿ ಕನ್ನಡಿ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದಾಗಲೇ ಫಿಟ್ಸ್ ಬಂತು. ಅವರು ಉಳಿಯಲಿಲ್ಲ. “ಬಾಚಣಿಗೆ ಕೈಯಲ್ಲೇ ಇತ್ತು,” ಎಂದಷ್ಟೇ ಹೇಳಿ ಪಟ್ಟಿ ಅಕ್ಕ ಎದ್ದು ಹೋಗುತ್ತಾರೆ. ಬಹಳ ಹೊತ್ತಿನ ಮೇಲೆ ಬಂದು, “ಕೆಲ್ಸ ಬಿಟ್ಬಿಡ್ತೀನಿ ಅಂತ ಮನೇಲಿ ಕೂತಿದ್ದೆ. ಆಮೇಲೆ ಯೋಚ್ನೆ ಬಂತು, ಅವರು ಸುಳ್ಳು ಹೇಳಿದ್ರು ನಿಜ, ಆದ್ರೆ ನಾನು ಕೇಳಿದ್ದೂ ಹಂಗೇ ಇತ್ತು. ನಿಂತ್ಕೊಂಡು, ಇಲ್ಲ ಅಂತ ಹೇಳು ಅನ್ನೋ ಹಾಗೆ ಕೇಳಿದ್ದೆ,” ಎನ್ನುತ್ತಾರೆ.

ಈಗ ಅವರು ನಿಂತುಕೊಂಡು ಕೇಳುವುದಿಲ್ಲ. ಕುರ್ಚಿಯ ಎದುರು ಒಂದು ಮೋಟು ಸ್ಟೂಲು ಎಳೆದುಕೊಂಡು ಮಂಡಿನೋವನ್ನು ಬೈಯುತ್ತ ಕೂರುತ್ತಾರೆ. ಕೇಳುವ ಪ್ರಶ್ನೆಯನ್ನೂ ಬದಲಿಸಿದ್ದಾರೆ. ‘ಅದಿದೆಯಾ, ಇದಿದೆಯಾ’ ಎನ್ನುವ ಮೊದಲು ಅವರದೊಂದೇ ಪ್ರಶ್ನೆ. ನಿನ್ನೆ ಮಾಡಿದ್ದರಲ್ಲಿ ಏನನ್ನು ಇವತ್ತು ಮಾಡೋಕೆ ಆಗ್ತಿಲ್ಲ?

ನಾನು ಹೋಗಿಬರುತ್ತಿದ್ದ ದಿನಗಳಲ್ಲಿ ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬ ಹೊಲಿಗೆಯ ಹೆಂಗಸು ಇದ್ದಾಳೆ. ಎಲ್ಲರಿಗೂ ಟೈಲರಮ್ಮ. ಎಂಟನೇ ತಿಂಗಳು ನಡೆಯುತ್ತಿದೆ. ಸದಾ ಕೈಯಲ್ಲಿ ಸೂಜಿದಾರ, ಮಡಿಲಲ್ಲಿ ಮಗುವಿನ ಅಂಗಿ. ವಾರ್ಡಿನ ಹೆಂಗಸರ ಕಿತ್ತುಹೋದ ಗುಂಡಿಗಳನ್ನೆಲ್ಲ ಆಗಲೇ ಹಾಕಿಕೊಟ್ಟಿದ್ದಾಳೆ. ಯಾರು ಏನು ಕೇಳಿದರೂ ಒಂದೇ ಉತ್ತರ, “ಏನೂ ಇಲ್ಲಕ್ಕ, ಚೆನ್ನಾಗಿದೀನಿ.” ಆದರೆ ಕುರ್ಚಿಯಲ್ಲಿ ಕೂರಿಸಿದಾಗ ಅಂಕಿ ಅಷ್ಟು ಚೆನ್ನಾಗಿರುವುದಿಲ್ಲ. ಮಾತ್ರೆಗಳಿಗೆ ಒಂದಿಷ್ಟು ಬಗ್ಗುತ್ತದೆ, ಮತ್ತೆ ತಲೆ ಎತ್ತುತ್ತದೆ.

ಒಂದು ಮಧ್ಯಾಹ್ನ ಟೈಲರಮ್ಮನ ಅತ್ತೆ ಪಟ್ಟಿ ಅಕ್ಕನನ್ನು ವರಾಂಡದ ಕೊನೆಗೆ ಕರೆದೊಯ್ಯುತ್ತಾರೆ. ನಾನು ಅಲ್ಲೇ ಬೆಂಚಿನ ಮೇಲಿದ್ದೇನೆ.

“ಅವಳು ಬಾಯಿ ಬಿಡಲ್ಲಮ್ಮ. ಮೊದಲನೇದು ಏಳು ತಿಂಗಳಿಗೇ ತೆಗೆಯಬೇಕಾಯ್ತು, ಬೇರೆ ಆಸ್ಪತ್ರೇಲಿ. ಒಂದು ವಾರ ಇತ್ತು ಕೂಸು. ಅವತ್ತು ತಲೆನೋವು ಅಂತ ಹೇಳಿದ್ದಕ್ಕೇ ಡಾಕ್ಟರು ಓಡಿಬಂದು ಆಪರೇಷನ್ ಮಾಡಿದ್ರು. ನಾನು ಹೇಳದೆ ಇದ್ದಿದ್ರೆ ಮಗು ಇನ್ನೂ ಒಳಗೇ ಇದ್ದು ಬಲಿತಿರೋದು ಅಂತ ಅವಳ ತಲೇಲಿ ಕೂತ್ಬಿಟ್ಟಿದೆ. ಈ ಸಲ ಸತ್ರೂ ಹೇಳಲ್ಲ ಅವಳು. ನನ್ನ ಮಗಳಿದ್ದ ಹಾಗೆ ಕಣಮ್ಮ, ನೀವೇ ಏನಾದ್ರೂ ಮಾಡಿ.”

ಹೇಳುತ್ತ ಹೇಳುತ್ತ ಆ ಹಿರಿಯಾಕೆಗೆ ಅಳು ಬರುತ್ತದೆ. ಪಟ್ಟಿ ಅಕ್ಕ ಅವರ ಕೈ ಹಿಡಿದುಕೊಳ್ಳುತ್ತಾರೆ. ಮಗುವನ್ನು ಉಳಿಸಿಕೊಳ್ಳಲು ತಾಯಿ ನೋವನ್ನು ಹಲ್ಲುಕಚ್ಚಿ ನುಂಗುತ್ತಿದ್ದಾಳೆ, ಆ ನೋವೇ ಇಬ್ಬರನ್ನೂ ಕೊಂಡೊಯ್ಯಬಹುದು.

ಮಾರನೆಯ ಬೆಳಿಗ್ಗೆ ಟೈಲರಮ್ಮನ ಸರದಿ ಬಂದಾಗ ಪಟ್ಟಿ ಅಕ್ಕ ಪಟ್ಟಿ ಬಿಚ್ಚಿದ ಮೇಲೂ ಸ್ಟೂಲು ಬಿಟ್ಟು ಏಳುವುದಿಲ್ಲ.

“ನಿಮ್ಮತ್ತೆ ಎಲ್ಲ ಹೇಳಿದ್ರು ಕಣೆ.”

ಟೈಲರಮ್ಮ ತಲೆ ತಗ್ಗಿಸುತ್ತಾಳೆ.

“ಪಾಪು ಒಳಗಿದ್ದಷ್ಟೂ ಒಳ್ಳೇದು. ನೀನು ತಿಳ್ಕೊಂಡಿರೋದು ನಿಜ, ನಾನು ಇಲ್ಲ ಅನ್ನಲ್ಲ. ಆದ್ರೆ ಅದಿರೋ ಮನೆಗೇ ಬೆಂಕಿ ಬಿದ್ರೆ ಏನ್ ಮಾಡ್ತೀಯ? ಹೊಗೆ ಕಂಡಾಗ್ಲೇ ಕೂಗಿದ್ರೆ ನೀರು ಹಾಕಬಹುದು. ಉರಿ ಎದ್ದ ಮೇಲೆ ಕೂಗಿದ್ರೆ ಎತ್ಕೊಂಡು ಓಡೋದೊಂದೇ ದಾರಿ.”

“ಹೇಳಿದ್ರೆ ಇವತ್ತೇ ಕುಯ್ತಾರೆ ಅಕ್ಕ.”

“ಯಾರೂ ಕತ್ತರಿ ಹಿಡ್ಕೊಂಡು ಬಾಗಿಲಲ್ಲಿ ಕಾಯ್ತಿಲ್ಲ. ಬೇಗ ಗೊತ್ತಾದ್ರೆ ಬೀಪಿಗೆ ಔಷಧಿ ಇದೆ, ಫಿಟ್ಸ್ ಬರದ ಹಾಗೆ ಇಂಜೆಕ್ಷನ್ ಇದೆ, ಪಾಪು ಶ್ವಾಸಕೋಶ ಬಲಿಯೋಕೆ ಇಂಜೆಕ್ಷನ್ ಇದೆ. ಅದು ಕೆಲಸ ಮಾಡೋಕೆ ಎರಡು ದಿನ ಬೇಕು. ಆ ಎರಡು ದಿನ ಸಿಗುತ್ತೆ ಅಂತ ಮಾತು ಕೊಡೋಕೆ ನನ್ನ ಕೈಲಾಗಲ್ಲ. ಆದ್ರೆ ನೀನು ಬಾಯಿ ಬಿಡದೆ ಅದು ಸಿಗೋ ದಾರೀನೇ ಇಲ್ಲ. ಈಗ ಹೇಳು, ನಿನ್ನೆ ಮಾಡಿದ್ದು ಏನು ಇವತ್ತು ಆಗ್ತಿಲ್ಲ?”

ಕಂಡಕ್ಟರಮ್ಮ ಕೂಡ ಬಾಯಿ ಮುಚ್ಚಿ ಕೂತಿದ್ದಾಳೆ. ಟೈಲರಮ್ಮ ಮಡಿಲಲ್ಲಿದ್ದ ಅಂಗಿಯನ್ನು ಮಡಚುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಮಡಚುತ್ತಾಳೆ.

“ಸೂಜಿಗೆ ದಾರ ಪೋಣಿಸೋಕೆ ಆಗ್ತಿಲ್ಲ ಅಕ್ಕ,” ಎನ್ನುತ್ತಾಳೆ ಕೊನೆಗೆ. “ಎರಡೆರಡು ಸೂಜಿ ಕಾಣುತ್ತೆ. ಕಣ್ಣ ಮುಂದೆ ಏನೋ ಮಿಣಮಿಣ ಅನ್ನುತ್ತೆ. ತಲೆ ಹಿಂದುಗಡೆಯಿಂದ ಸಿಡೀತಿದೆ.” ಆಮೇಲೆ ಬಿಕ್ಕಿಬಿಕ್ಕಿ ಅಳುತ್ತಾಳೆ. “ತೆಗೆದುಬಿಡ್ತಾರಾ?”

ಪಟ್ಟಿ ಅಕ್ಕ ಅವಳ ತಲೆಯನ್ನು ಹೆಗಲಿಗೆ ಒರಗಿಸಿಕೊಂಡೇ ಡಾಕ್ಟರಮ್ಮನನ್ನು ಕೂಗುತ್ತಾರೆ. ಅಷ್ಟು ದೊಡ್ಡ ದನಿ ಅವರದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆಮೇಲೆ ಎಲ್ಲವೂ ಸರಸರನೆ ನಡೆಯುತ್ತದೆ. ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು, ನರಗಳ ಪ್ರತಿಕ್ರಿಯೆ ನೋಡಲು ಮಂಡಿಗೆ ರಬ್ಬರ್ ಸುತ್ತಿಗೆಯ ಸಣ್ಣ ಏಟು, ರಕ್ತ ಪ್ರಯೋಗಾಲಯಕ್ಕೆ, ಟೈಲರಮ್ಮ ಹೆರಿಗೆ ಕೋಣೆಯ ಪಕ್ಕದ ನಿಗಾ ಕೊಠಡಿಗೆ. ಫಿಟ್ಸ್ ತಡೆಯುವ ಔಷಧಿ ರಕ್ತನಾಳದ ಮೂಲಕ ಇಳಿಯತೊಡಗುತ್ತದೆ. ಮಗುವಿನ ಶ್ವಾಸಕೋಶದ ಮೊದಲ ಇಂಜೆಕ್ಷನ್ನೂ ಆಗುತ್ತದೆ.

ವರದಿಗಳು ಬಂದ ಮೇಲೆ ಡಾಕ್ಟರಮ್ಮ ಲೆಕ್ಕ ಹಾಕುತ್ತಾರೆ. ಅಪಾಯದ ಸಾಧ್ಯತೆ ನಿನ್ನೆಗಿಂತ ಏರಿದೆ, ಆದರೆ ಇನ್ನೂ ಕೈಮೀರಿಲ್ಲ. ತಲೆನೋವು ಔಷಧಿಗೆ ಬಗ್ಗಿದೆ, ಕಣ್ಣು ತಿಳಿಯಾಗುತ್ತಿದೆ. ಗಳಿಗೆಗೊಮ್ಮೆ ನೋಡುತ್ತ ಎರಡು ದಿನ ಕಾಯಬಹುದು, ಕೆಟ್ಟರೆ ಕಾಯುವುದಿಲ್ಲ, ಇದು ಅವರ ತೀರ್ಮಾನ. “ಇದೇ ಮಾತು ನಾಳೆ ಗೊತ್ತಾಗಿದ್ರೆ ನಾನು ಈ ತೀರ್ಮಾನ ತಗೊಳ್ಳೋ ಸ್ಥಿತೀಲಿ ಇರ್ತಿರಲಿಲ್ಲ,” ಎನ್ನುತ್ತಾರೆ.

ಆ ಎರಡು ದಿನ ಅತ್ತೆ ವರಾಂಡ ಬಿಟ್ಟು ಕದಲುವುದಿಲ್ಲ. ಟೈಲರಮ್ಮನ ಗಂಡ ಬರುತ್ತಾನೆ, ನಿಲ್ಲುತ್ತಾನೆ, ಏನು ಮಾಡಬೇಕೆಂದು ತೋಚದೆ ಎಲ್ಲರಿಗೂ ಟೀ ತಂದುಕೊಡುತ್ತಾನೆ. ಪಟ್ಟಿ ಅಕ್ಕ ತಮ್ಮ ಪಾಳಿ ಮುಗಿದ ಮೇಲೂ ನಿಗಾ ಕೊಠಡಿಗೆ ಹೋಗಿ ಇಣುಕಿ ಬರುತ್ತಾರೆ. ಮೂರನೆಯ ದಿನ ಬೆಳಿಗ್ಗೆ ಬೀಪಿ ಮತ್ತೆ ಮೇಲೇರುತ್ತದೆ, ರಕ್ತದ ವರದಿಯೂ ಕೆಡುತ್ತದೆ. ಇನ್ನು ಕಾಯುವಂತಿಲ್ಲ ಎಂದಾಗ ಟೈಲರಮ್ಮ ಹಟ ಮಾಡುವುದಿಲ್ಲ. “ಅಕ್ಕ, ಪಾಪು ಇಂಜೆಕ್ಷನ್ ಎರಡೂ ಆಯ್ತಲ್ವಾ?” ಎಂದು ಮಾತ್ರ ಕೇಳುತ್ತಾಳೆ. ಆಯ್ತು ಎಂದು ಪಟ್ಟಿ ಅಕ್ಕ ಹೇಳಿದ ಮೇಲೆ ಟ್ರಾಲಿಯ ಮೇಲೆ ತಾನೇ ಹತ್ತಿ ಮಲಗುತ್ತಾಳೆ.

ಹೆಣ್ಣು ಮಗು. ಅಂಗೈಯಲ್ಲಿ ಹಿಡಿಸುವಷ್ಟು. ಹುಟ್ಟಿದ ಕೂಡಲೇ ಅತ್ತಿತು ಎಂಬ ಸುದ್ದಿ ವಾರ್ಡಿಗೆ ಬಂದಾಗ ಕಂಡಕ್ಟರಮ್ಮ ಎದ್ದು ನಿಂತು ಸಿಳ್ಳೆ ಹಾಕುತ್ತಾಳೆ, ಪಟ್ಟಿ ಅಕ್ಕ ಅವಳನ್ನು ಗದರಿಸಿ ಕೂರಿಸುತ್ತಾರೆ. ಗದರಿಸುವಾಗ ಅವರ ಕಣ್ಣು ತುಂಬಿರುವುದನ್ನು ಎಲ್ಲರೂ ನೋಡುತ್ತಾರೆ. ಆದರೂ ಅವರಿಗೆ ಇನ್ನೂ ನೆಮ್ಮದಿಯಿಲ್ಲ. ಹೆರಿಗೆಯಾದ ಮೇಲೂ ಕೆಲವು ದಿನ ಅಪಾಯ ಹಿಂದೆಯೇ ಸುತ್ತುತ್ತಿರುತ್ತದಂತೆ. ಮಗು ಹುಟ್ಟಿತೆಂದು ಎಲ್ಲರೂ ಮಗುವಿನ ಕಡೆಗೇ ನೋಡುವಾಗ ಪಟ್ಟಿ ಅಕ್ಕ ತಾಯಿಯ ತೋಳು ಹುಡುಕಿಕೊಂಡು ಹೋಗುತ್ತಾರೆ.

ಮಗು ಕೆಲವು ವಾರ ಗಾಜಿನ ಪೆಟ್ಟಿಗೆಯಲ್ಲಿ ಇರಬೇಕಾಯಿತು. ನಳಿಕೆಯಲ್ಲಿ ಹಾಲು, ಆಮೇಲೆ ಚಮಚದಲ್ಲಿ, ಆಮೇಲೆ ತಾಯಿಯ ಎದೆಯಲ್ಲಿ. ನಡುವೆ ಎರಡು ದಿನ ಉಸಿರಾಟ ಕೈಕೊಟ್ಟು ಎಲ್ಲರ ಜೀವ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಕಂಡಕ್ಟರಮ್ಮನೂ ಗಂಡು ಮಗು ಹೆತ್ತು, ಹೋಗುವಾಗ ವಾರ್ಡಿಗೆಲ್ಲ ಉಪದೇಶ ಮಾಡಿ ಹೊರಟುಹೋದಳು.

ಟೈಲರಮ್ಮ ಮನೆಗೆ ಹೊರಡುವ ದಿನ ನಾನೂ ಹೋಗಿದ್ದೇನೆ. ಬೀಪಿ ಹತೋಟಿಗೆ ಬಂದಿದೆ. ಮುಂದಿನ ಬಸುರಿನಲ್ಲಿ ಶುರುವಿನಿಂದಲೇ ತೋರಿಸಬೇಕು, ವರ್ಷಕ್ಕೊಮ್ಮೆಯಾದರೂ ಬೀಪಿ ನೋಡಿಸುತ್ತಿರಬೇಕು ಎಂದು ಡಾಕ್ಟರಮ್ಮ ತಿಳಿಹೇಳಿದ್ದಾರೆ. ಗೇಟಿನ ಬಳಿ ಆಟೋ ನಿಂತಿದೆ. ಪಟ್ಟಿ ಅಕ್ಕ ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು ಬಂದಿದ್ದಾರೆ. ಟೈಲರಮ್ಮನಿಗೆ ಅವರಿಗೆ ಏನೇನೋ ಹೇಳುವುದಿದೆಯೆಂದು ಅತ್ತೆ ನನಗೆ ಮೊದಲೇ ಹೇಳಿದ್ದಾರೆ. ಬೆಳಿಗ್ಗೆಯಿಂದ ಅದನ್ನೇ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದಳಂತೆ.

ಆದರೆ ಆಟೋದ ಹತ್ತಿರ ಬರುವಷ್ಟರಲ್ಲಿ ಮಗು ಕಿರುಚಲು ಶುರುಮಾಡುತ್ತದೆ. ಇಷ್ಟು ಸಣ್ಣ ಜೀವಕ್ಕೆ ಅಷ್ಟು ದೊಡ್ಡ ಗಂಟಲು! ಬಿಸಿಲು ತಾಗಿತು ಎನ್ನುತ್ತಾರೆ ಅತ್ತೆ, ಹಸಿವು ಎನ್ನುತ್ತಾನೆ ಗಂಡ. ಬಟ್ಟೆ ಬಿಗಿಯಾಯಿತೇನೋ ಎಂದು ಟೈಲರಮ್ಮ ಬಿಚ್ಚುತ್ತಾಳೆ. ಮೂವರೂ ಮಾತಾಡುತ್ತ, ಒಬ್ಬರ ಕೈಯಿಂದ ಒಬ್ಬರು ಮಗುವನ್ನು ಕಸಿಯುತ್ತ ಆಟೋದೊಳಗೆ ತುಂಬಿಕೊಳ್ಳುತ್ತಾರೆ. ಚೀಲ ಒಳಗೆ ಬಿತ್ತು, ಆಟೋ ಹೊರಟಿತು. ಟೈಲರಮ್ಮ ಬಗ್ಗಿ ಮಗುವನ್ನು ಸಮಾಧಾನ ಮಾಡುತ್ತಲೇ ಇದ್ದಾಳೆ. ಆಟೋ ತಿರುವಿನಲ್ಲಿ ಮರೆಯಾಗುತ್ತದೆ.

ನನಗೆ ಪಿಚ್ಚೆನಿಸುತ್ತದೆ. ಪಟ್ಟಿ ಅಕ್ಕನ ಕಡೆ ತಿರುಗುತ್ತೇನೆ. ಅವರ ಮುಖ ಇಷ್ಟಗಲವಾಗಿದೆ.

“ನೋಡಿದ್ರಾ?” ಎನ್ನುತ್ತಾರೆ. “ತಿರುಗಿ ಕೂಡ ನೋಡಲಿಲ್ಲ. ನನ್ನನ್ನ ಪೂರ್ತಿ ಮರೆತೇಬಿಟ್ಟಳು. ನಂಗೆ ಬೇಕಾಗಿದ್ದು ಇಷ್ಟೇ ಕಣ್ರೀ.”